ನೂರೊಂದನೇ ಎಲೆ

೧೯೩೯ ಜನವರಿ ೯, ಸೋಮವಾರ. ಸವಣೂರು

ಮೂರನೇ ಪ್ರಶ್ನೆಯೂ ಹೋಯಿತು. ಕೆಂಪು ಪೆನ್ಸಿಲ್, ಈ ಮೂಲೆಯಿಂದ ಆ ಮೂಲೆಗೆ. ‘ನಮ್ಮೂರಿನ ಹಳೆಯ ದೊಡ್ಡಹುಣಸೆ ಮರಗಳನ್ನು ನೆಟ್ಟವರು ಯಾರು?’ ಎಂದು ಬರೆದಿದ್ದೆ. ಇತಿಹಾಸ ಕಲಿಸುವ ಉಳಿವೆಪ್ಪ ಮಾಸ್ತರು ಹಂಸಭಾವಿಯವರು, ನಗುವುದೇ ಕಡಿಮೆ. ಇವತ್ತು ನಕ್ಕರು.

“ಇದನ್ನ ಮರಕ್ಕ ಕೇಳ್ತೀಯೇನು, ಸರೋಜಾ? ಉತ್ತರ ಹೇಳವ್ರು ಇರಬೇಕು. ಇಲ್ಲಂದ್ರ ಕಲ್ಲಿನ ಮ್ಯಾಲರ ಬರೆದಿರಬೇಕು.”

ಇಡೀ ಏಳನೇ ಇಯತ್ತೆ ಹೋ ಎಂದಿತು. ಕುತುಬುದ್ದೀನನದೇ ಜೋರು. ಅವನ ಪ್ರಶ್ನೆ ಪಾಸಾಗಿದೆ — ಓಣಿಯ ಬಾವಿ ತೋಡಿಸಿದವರು ಯಾರು ಎಂದು. ಬಾವಿಯ ಕಲ್ಲಿನ ಮೇಲೆ ಹೆಸರೇ ಇದೆ! ಅದೂ ಒಂದು ಪ್ರಶ್ನೆಯೇ?

ಊರಿನ ಹಳೆಯ ಸಂಗತಿಯ ಮೇಲೆ ನಾವೇ ಒಂದು ಪ್ರಶ್ನೆ ತರಬೇಕು, ಉತ್ತರವನ್ನೂ ನಾವೇ ಕೇಳಿ ತಿಳಿದು ಬರೆಯಬೇಕು. ಪ್ರಶ್ನೆ ಪಾಸಾಗಿ ಉತ್ತರ ಬರೆದವರಿಗೆ ೨೯ಕ್ಕೆ ಹಾನಗಲ್ಲಿಗೆ ಪ್ರವಾಸ. ಅಲ್ಲಿನ ಗುಡಿ, ಕೋಟೆ, ಶಾಸನ... ಅವೆಲ್ಲ ಇರಲಿ. ಮೋಟಾರಿನಲ್ಲಿ! ನಾನು ಇದುವರೆಗೆ ಮೋಟಾರಿನ ಧೂಳು ಕುಡಿದಿದ್ದೇನೆ ಅಷ್ಟೇ.

ಜನವರಿ ೧೨, ಗುರುವಾರ

ತೋಟದಿಂದ ವೀಳ್ಯದೆಲೆ ಬಂತು. ಆಯಿ — ಅಪ್ಪನ ಅವ್ವ — ಪಡಸಾಲೆಯಲ್ಲಿ ಕುಳಿತು ಕಟ್ಟು ಕಟ್ಟುತ್ತಿದ್ದಳು. ನೂರು ಎಲೆಗೆ ಒಂದು ಕಟ್ಟು. ಮೇಲೆ ಅಂಚು ಹರಿದ ಒಂದು ಎಲೆ ಹೆಚ್ಚಿಗೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಇವತ್ತೇ ಹೊಳೆದದ್ದು — ಈ ನೂರೊಂದನೇ ಎಲೆ ಯಾರದು?

“ದ್ಯಾವರದು,” ಎಂದಳು ಆಯಿ.

“ಹಾದ್ಯಾಗ ಒಂದು ಕೊಳತ್ರ ಇರಲಿ ಅಂತ,” ಎಂದ ಅಪ್ಪ.

ಎಲೆ ಒಯ್ಯಲು ಬಂದ ವ್ಯಾಪಾರಿ ಫಕ್ರುಸಾಬರು ಅದನ್ನೇ ಮಡಚಿ ಬಾಯಿಗಿಟ್ಟುಕೊಂಡರು. “ನಂದು, ಬೇಟಿ! ಶಿಗ್ಗಾಂವಿ ಮುಟ್ಟೂತನಕ ಬಾಯಾಗ ಏನರ ಬೇಕಲ್ಲ?”

ಮೂವರು, ಮೂರು ಉತ್ತರ. ಸಿಕ್ಕಿತು ಪ್ರಶ್ನೆ! ಖುಷಿಗೆ ಒಂದು ರೊಟ್ಟಿ ಹೆಚ್ಚು ತಿಂದೆ.

ಜನವರಿ ೧೩

ಮಾಸ್ತರು ಅರ್ಧ ಗೀಟು ಎಳೆದು ನಿಲ್ಲಿಸಿದರು. ಪೂರ್ತಿ ಹೊಡೆದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

“ಛಲೋ ಐತಿ. ಆದ್ರ ‘ಯಾರದು’ ಅಂತ ಕೇಳಿದ್ರ ಮಂದಿ ತಮ್ಮ ತಮ್ಮ ಪಾಲು ಹೇಳ್ತಾರ. ಬ್ಯಾರೆ ನಮೂನಿ ಕೇಳು.”

ಬೇರೆ ನಮೂನೆ ಎಂದರೆ ಹೇಗೆ? ಹೇಳಲಿಲ್ಲ. ಮಾಸ್ತರಿಕೆ ಎಂದರೆ ಇದೇ ಇರಬೇಕು.

ಜನವರಿ ೨೧, ಶನಿವಾರ

ಎಂಟು ದಿನ ಏನೂ ಬರೆಯಲಿಲ್ಲ. ಆಯಿಯ ತಲೆ ತಿಂದೆ ಅಷ್ಟೇ. ಇನ್ನೊಮ್ಮೆ ಎಲೆಯ ಮಾತೆತ್ತಿದರೆ ಲಟ್ಟಣಿಗೆ ತೆಗೆದುಕೊಳ್ಳುತ್ತೇನೆ ಎಂದಳು. ಇವತ್ತು ಬಾಯಿ ಮುಚ್ಚಿಕೊಂಡು, ಮುಖ ಊದಿಸಿಕೊಂಡು ಅವಳ ಎದುರಿಗೇ ಕುಳಿತೆ.

ಆಗ ಕಂಡಿತು.

ಆಯಿ ಮಗ್ಗುಲ ಮನೆಯ ವೀರವ್ವನ ಜೊತೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಕೈ ಮಾತ್ರ ನಿಂತಿರಲಿಲ್ಲ. ಐದು ಎಲೆ ಇಟ್ಟಳು. ಎಡಗೈಯಲ್ಲಿ ಬೇರೆ ಒಂದು ಎಲೆ ಹಿಡಿದಿದ್ದಳು, ಅದರ ಅಂಚಿಗೆ ಹೆಬ್ಬೆರಳ ಉಗುರಿನಿಂದ ಒಂದು ಕಚ್ಚು. ಮತ್ತೆ ಐದು, ಮತ್ತೆ ಕಚ್ಚು. ಐದೈದು ಕಚ್ಚಿನ ನಾಲ್ಕು ಗುಂಪು, ಒಟ್ಟು ಇಪ್ಪತ್ತಾದವು, ಕಟ್ಟು ಮುಗಿಯಿತು. ಆ ಎಲೆ ಮೇಲಕ್ಕೆ ಹೋಯಿತು!

ಹರಿದದ್ದಲ್ಲ ಅದು. ಲೆಕ್ಕ! ಆರು ಕಟ್ಟು ನೋಡಿದೆ. ಆರರಲ್ಲೂ ಇಪ್ಪತ್ತು.

“ಆಯಿ, ಹಿಂಗ ಎಣಸಾಕ ಯಾರು ಕಲಿಸಿದ್ರು?”

“ನಮ್ಮತ್ತಿ. ಅಕಿಗೆ ಅಕಿ ಅತ್ತಿ. ಐದರ ಮ್ಯಾಲ ಎಣಸಾಕ ನಮಗ ಎಲ್ಲಿ ಬರ್ತಿತ್ತು?”

“ಮತ್ತ ದ್ಯಾವರದು ಅಂದಿ?”

“ಯಾರದು ಅಂತ ಕೇಳಿದಿ, ಹೇಳಿದೆ. ಎಲ್ಲಾ ದ್ಯಾವರದ ಅಲ್ಲೇನು?”

ಜನವರಿ ೨೩, ಸೋಮವಾರ

‘ಐದರ ಮೇಲೆ ಎಣಿಸಲು ಬಾರದ ನಮ್ಮ ಮನೆಯ ಹೆಂಗಸರು ನೂರು ಎಲೆಯ ಲೆಕ್ಕವನ್ನು ಹೇಗೆ ಇಡುತ್ತ ಬಂದರು?’

ಮಾಸ್ತರು ಎರಡು ಸಲ ಓದಿದರು. ಕೆಂಪು ಪೆನ್ಸಿಲ್ ಜೇಬಿಗೆ ಹೋಯಿತು. ಪಾಸ್! ಕುತುಬುದ್ದೀನನ ಕಡೆ ನೋಡಿದೆ. ಚೆನ್ನಾಗಿಯೇ ನೋಡಿದೆ.

ಒಂದು ಕರಾರು ಇದೆ. ಉತ್ತರದ ಕೆಳಗೆ ಹೇಳಿದವರ ಸಹಿ ಬೇಕು, ಇಲ್ಲವೇ ಹೆಬ್ಬಟ್ಟು. ಶನಿವಾರದೊಳಗೆ. ಅದೇನು ಮಹಾ.

ಜನವರಿ ೨೮, ಶನಿವಾರ, ಸಂಜೆ

ಆಯಿ ಒಲ್ಲೆ ಎಂದಳು! ಮಸಿ ತೆಗೆದುಕೊಂಡು ಹೋದರೆ ಕೈ ಸೆರಗಿನೊಳಗೆ ಮುಚ್ಚಿಕೊಂಡಳು.

“ಹೆಬ್ಬಟ್ಟು? ನಾ ಏನ್ ಹೊಲ ಮಾರಾಕತ್ತೇನೇನು?”

ಅವಳ ತವರಿನಲ್ಲಿ ಹಿಂದೆ ಯಾರೋ ಹೆಬ್ಬಟ್ಟು ಒತ್ತಿಸಿಕೊಂಡು ಹೊಲ ನುಂಗಿದರಂತೆ. ನಾಲ್ಕು ದಿನದಿಂದ ಇದೇ ಹಾಡು. ಮಧ್ಯಾಹ್ನ ಉಣ್ಣಲಿಲ್ಲ ನಾನು. ಬಾಗಿಲ ಹಿಂದೆ ಕುಳಿತು ಅತ್ತೆ. ಮೋಟಾರಿಗಾಗಿ ಅತ್ತೆ, ಸುಳ್ಳೇಕೆ ಬರೆಯಲಿ.

ಆಯಿ ಬಂದಳು. ಕಾಗದ ಕಸಿದುಕೊಂಡಳು. ಹರಿದೇ ಬಿಡುತ್ತಾಳೆ ಅಂದುಕೊಂಡೆ. ಅಂಚನ್ನು ತೊಡೆಯ ಮೇಲೆ ಸರಿಮಾಡಿ, ಹೆಬ್ಬೆರಳ ಉಗುರು ಊರಿದಳು. ಒಂದು ಕಚ್ಚು. ಇನ್ನೊಂದು. ನನಗೆ ಬೈಯುತ್ತಲೇ ಹಾಕಿದಳು — ಹಟಮಾರಿ, ಅಪ್ಪನ ತದ್ರೂಪು, ಉಪವಾಸ ಕೂಡ್ರೋ ಪಿಶಾಚಿ... ಬೈಗುಳ ಮುಗಿಯಲಿಲ್ಲ, ಕಚ್ಚು ಮಾತ್ರ ಇಪ್ಪತ್ತಕ್ಕೆ ನಿಂತವು.

“ಇದು ನನ್ನ ಸಹಿ. ನಿಮ್ಮ ಮಾಸ್ತರಗ ಎಣಸಾಕ ಬರ್ತೈತೇನು ಕೇಳು, ಹೋಗು.”

ಓಡಿದೆ. ಮಾಸ್ತರು ಅಂಚಿನ ಮೇಲೆ ಬೆರಳಾಡಿಸಿ ಒಂದೊಂದನ್ನೇ ಎಣಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಇಂಥಾ ಸಹಿ ನನ್ನ ನೌಕರ್ಯಾಗ ಕಂಡಿಲ್ಲವಾ. ಖಿಡಕಿ ಬಾಜೂಕ ಕುಂದ್ರು ನಾಳೆ.”

ಜನವರಿ ೨೯, ಭಾನುವಾರ, ಬೆಳಿಗ್ಗೆ

ಮೋಟಾರಿನಲ್ಲಿ ಕುಳಿತೇ ಬರೆಯುತ್ತಿದ್ದೇನೆ. ಕಿಟಕಿಯ ಸೀಟು. ಇನ್ನೂ ಹೊರಟಿಲ್ಲ, ಆಗಲೇ ಗಡಗಡ ನಡುಗುತ್ತಿದೆ. ಅಕ್ಷರ ಕುಣಿಯುತ್ತಿವೆ.

ಆಯಿ ಸ್ಟ್ಯಾಂಡಿನವರೆಗೆ ನಡೆದು ಬಂದಿದ್ದಾಳೆ. ಮಾಸ್ತರಿಗೆ ಕೊಡು ಎಂದು ಕಿಟಕಿಯಿಂದ ಒಂದು ಕಟ್ಟು ಎಲೆ ಕೊಟ್ಟಳು. ಮೇಲಿನ ಎಲೆಯ ಕಚ್ಚು ಎಣಿಸಿದೆ, ಈಗ ಅದೇ ಚಟ. ಇಪ್ಪತ್ತೊಂದು! ಇಪ್ಪತ್ತು ಅಂಚಿಗೆ, ಇನ್ನೊಂದು ಬೇರೆಯಾಗಿ, ತೊಟ್ಟಿನ ಹತ್ತಿರ. ಆಯಿ ಲೆಕ್ಕ ತಪ್ಪುವವಳಲ್ಲ.

“ಆಯಿ, ಈ ಇಪ್ಪತ್ತೊಂದನೇದು ಯಾಕ?” ಎಂದು ಕೂಗಿದೆ.

ಹಾರ್ನು ಹೊಡೆಯಿತು. ಅವಳು ಹೇಳಿದ್ದು ಕೇಳಲಿಲ್ಲ. ಮೋಟಾರು ಹೊರಟಿದೆ. ಆಯಿ ಧೂಳಿನಲ್ಲಿ ನಿಂತು ನಗುತ್ತ, ಅದೇ ಹೆಬ್ಬೆರಳು ಎತ್ತಿ ನನ್ನನ್ನೇ ತೋರಿಸುತ್ತಿದ್ದಾಳೆ. ಆ ಒಂದು ಕಚ್ಚು ನನ್ನದು!