ಇಲಿಯಾಸ್ ಮಾಸ್ಟರರ ಕಣ್ಣಳತೆ

೧೫ ಮಾರ್ಚ್ ೨೦೨೨, ಮಂಗಳವಾರ

ಇವತ್ತೂ ಹೇಳಲಾಗಲಿಲ್ಲ. ಕೊರೊನಾ ಬಂದಮೇಲೆ ಲೇಕ್ ಗಾರ್ಡನ್ಸ್ ಬಡಾವಣೆಯ ನಮ್ಮ ಹೊಲಿಗೆ ಅಂಗಡಿಗೆ ಗಿರಾಕಿಗಳು ಬರುವುದೇ ಇಲ್ಲ. ಮನೆಯಲ್ಲೇ ಅಳತೆ ತೆಗೆದು ಕಳಿಸುತ್ತಾರೆ, ಕೇಳುವುದೂ ಸಡಿಲ ಬಟ್ಟೆಯನ್ನೇ. ಕಟಿಂಗ್ ಮಾಸ್ಟರ್ ಇಲಿಯಾಸರನ್ನು ಇನ್ನು ಕೆಲಸದಿಂದ ಬಿಡಿಸು ಎಂದು ಮಾಲೀಕರು ಅಂಗಡಿ ನೋಡಿಕೊಳ್ಳುವ ನನಗೆ ಹೇಳಿ ವಾರವಾಯಿತು.

ಇವತ್ತು ವಿಡಿಯೊ ಕರೆಯಲ್ಲಿ ಒಬ್ಬ ಹುಡುಗಿ ತನ್ನ ಅಳತೆಗಳನ್ನು ಓದುತ್ತಿದ್ದಳು. ಮಾಸ್ಟರ್ ನನ್ನ ಹಿಂದಿನಿಂದ ಬಗ್ಗಿ ನೋಡಿದರು.

“ಅಂಕಿ ಬಿಡು ಬೇಟಿ, ಎದ್ದು ನಿಂತ್ಕೋ. ಒಂದು ಭುಜ ಇಳಿದಿದೆಯಲ್ಲ. ಎರಡು ವರ್ಷ ಹಾಸಿಗೆ ಮೇಲೇ ಕೂತು ಆಫೀಸ್ ಮಾಡಿದ್ಯಾ?”

ಅವಳು ನಕ್ಕಳು. ಆಮೇಲೆ ಮೆಲ್ಲಗೆ ಭುಜ ಮುಟ್ಟಿ ನೋಡಿಕೊಂಡಳು.

ಮಾಸ್ಟರಿಗೆ ಕೆಲಸ ಬಿಡುವ ಮಾತು ನಾನು ಹೇಳಲಾರೆ ಎಂದು ಮಾಲೀಕರಿಗೆ ಈಗಷ್ಟೇ ಬರೆದೆ. ಕಾರಣವೇನೆಂದು ಕೇಳಿದ್ದಾರೆ. ಭುಜ ಮುಟ್ಟಿಕೊಂಡಾಗಿನ ಆ ಹುಡುಗಿಯ ಮುಖವನ್ನು ಮಾಲೀಕರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೇನೆ, ಮೊದಲ ವಾಕ್ಯವೇ ಹೊಳೆಯುತ್ತಿಲ್ಲ.