ಹಣೆಯಿಲ್ಲದ ಸೂಕ್ಷ್ಮದರ್ಶಕ

ಮಂಗಳವಾರ, ಅಕ್ಟೋಬರ್ ೨೨, ಕೊಣ್ಣೂರ

ಸಾಕಾಗಿ ಹೋಗಿದೆ. ದಸರಾ ರಜೆ ಮುಗಿದು ಎರಡೇ ದಿನ, ಆಗಲೇ ಗಂಟಲು ಕೂತಿದೆ.

ಒಂಬತ್ತನೆಯ ತರಗತಿಗೆ ಜೀವಕೋಶದ ಕಥೆ ಹೇಳಿದೆ. ಹುಕ್ ಬೆಂಡಿನ ತೆಳು ಚೂರಿನಲ್ಲಿ ಕಂಡ ಖಾಲಿ ಕೋಣೆಗಳು, ಶ್ಲೀಡನ್‌ನ ಗಿಡಗಳು, ಶ್ವಾನ್‌ನ ಪ್ರಾಣಿಗಳು, ಕೊನೆಗೆ ವಿರ್ಶೋ: ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ. ಇಷ್ಟು ತಿಳಿಯಲು ಇನ್ನೂರು ವರ್ಷ ಕಣ್ಣು ನೋಯಿಸಿಕೊಂಡು ನೋಡಿದರು ಎಂದೆ. ಸೂಕ್ಷ್ಮದರ್ಶಕದಡಿ ಈರುಳ್ಳಿ ಪೊರೆ ಇಟ್ಟು, ಕಂಡದ್ದನ್ನಷ್ಟೇ ಬರೆಯಿರಿ ಎಂದೆ.

ಎಲ್ಲರೂ ಸಾಲಾಗಿ ಬಂದು ಬಗ್ಗಿ ನೋಡಿದರು. ಎಲ್ಲರ ಚಿತ್ರದಲ್ಲೂ ಇಟ್ಟಿಗೆ ಜೋಡಿಸಿದಂಥ ಕೋಶಗಳು, ಥೇಟ್ ಪಠ್ಯಪುಸ್ತಕದ್ದೇ. ದ್ರಾಕ್ಷಾಯಿಣಿ ಒಬ್ಬಳು ಮಾತ್ರ ಕಪ್ಪು ಕಲೆಗಳನ್ನು ಗೀಚಿದ್ದಳು.

"ಇದೇನವಾ?"

"ನನಗ ಕಂಡಿದ್ದು ಇಷ್ಟರಿ, ಟೀಚರ್."

ನಾನೇ ಬಗ್ಗಿದೆ. ಖರೆ, ಬರೀ ಕಲೆ. ಮಸೂರದ ತುಂಬ ವಿಭೂತಿ! ಖಂಡೇನವಮಿಯ ಆಯುಧಪೂಜೆಯಲ್ಲಿ ಹೆಡ್‌ಮಾಸ್ತರ ಗುರುಲಿಂಗಪ್ಪನವರು ಮೂರು ಬೆರಳಿನಿಂದ ಎಳೆದದ್ದು. ಅವರನ್ನೇ ಕರೆದು ತೋರಿಸಿದೆ.

"ಪೂಜಿ ಮಾಡ್ರಿ ಸರ್, ಆದ್ರ ಕಣ್ಣಿಗ್ಯಾಕ ಬಳದ್ರಿ?"

"ಮತ್ತ ಅದಕ್ಕ ಹಣಿ ಎಲ್ಲೈತ್ರಿ?" ಎಂದು ನಡೆದೇಬಿಟ್ಟರು.

ಇವರಿಗೆ ಏನು ಹೇಳುವುದು! ಆ ಮಕ್ಕಳಿಗಾದರೂ ಏನು ಹೇಳುವುದು? ಏನೂ ಕಾಣದೆ ಅಷ್ಟು ಚೆಂದ ಬರೆದರಲ್ಲ! ನಮ್ಮಲ್ಲಿ ಪ್ರತಿ ಚಿತ್ರವೂ ಇನ್ನೊಂದು ಚಿತ್ರದಿಂದಲೇ ಹುಟ್ಟುತ್ತದೆ.

ದ್ರಾಕ್ಷಾಯಿಣಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಮಸೂರ ಒರೆಸಿ ತಿರುಗುವಷ್ಟರಲ್ಲಿ ಹುಡುಗಿ ರಬ್ಬರ್ ಹಿಡಿದು ಕಲೆಗಳನ್ನೆಲ್ಲ ಅಳಿಸಿ, ಬಾಜೂದವಳ ಚಿತ್ರ ನೋಡುತ್ತ ಇಟ್ಟಿಗೆ ಜೋಡಿಸುತ್ತಿದ್ದಳು.