ಟವೆಲಿನಡಿಯ ಕೈ

ಫೆಬ್ರವರಿ ೩೦, ೨೧೯೧
ರಾಣೆಬೆನ್ನೂರು

ಕುಮಾರಿ ರೋಹಿಣಿ ಬಣಕಾರಳಿಗೆ,

ತಾರೀಖು ನೋಡಿ ಈ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡ. ಕಂತು ಎಣಿಸಲು ಸುಲಭವಾಗಲೆಂದು ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸರಿಮಾಡಿದ್ದಾರೆ. ವರ್ಷದ ಕೊನೆಗೆ ಉಳಿಯುವ ಐದಾರು ದಿನ ಯಾವ ತಿಂಗಳಿಗೂ ಸೇರಿಲ್ಲ. ಆಗ ನೀರು, ದೀಪ ಎಲ್ಲಕ್ಕೂ ಬೇರೆ ದರ. ನಿನಗೆ ತಿಳಿಯದ ಶಬ್ದಗಳು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಅಕ್ಷರ ಸೊಟ್ಟಗಿರುವುದನ್ನು ಮಾತ್ರ ನೀನೇ ಸುಧಾರಿಸಿಕೊಳ್ಳಬೇಕು. ಟವೆಲಿನಡಿ ಕಾಗದವನ್ನೂ ಕೈಯನ್ನೂ ಇಟ್ಟುಕೊಂಡು, ನೋಡದೆ ಬರೆಯುತ್ತಿದ್ದೇನೆ. ಏಕೆಂದು ಮುಂದೆ ತಿಳಿಯುತ್ತದೆ.

ನಿನಗೆ ನಮಸ್ಕಾರ ಹೇಳಬೇಕೋ ಆಶೀರ್ವಾದ ಮಾಡಬೇಕೋ ಗೊತ್ತಾಗುತ್ತಿಲ್ಲ. ಲೆಕ್ಕ ಹಾಕಿದರೆ ನೀನು ನನ್ನ ಮುತ್ತಜ್ಜಿಯ ತಾಯಿಯ ಓರಗೆಯವಳು. ಆದರೆ ನಿನ್ನ ವರದಿಯ ಮೊದಲ ಪುಟದ ಫೋಟೋದಲ್ಲಿ ನಿನಗಿನ್ನೂ ಇಪ್ಪತ್ತೆರಡೋ ಇಪ್ಪತ್ಮೂರೋ. ನನಗೆ ಅರವತ್ತು ದಾಟಿದೆ. ಆದ್ದರಿಂದ ನೀನು ಎಂದೇ ಕರೆಯುತ್ತೇನೆ. ನನ್ನ ಹೆಸರು ಅನಸೂಯಾ ಮಾಳಗಿ. ಇಲ್ಲಿನ ಕಾಲೇಜಿನಲ್ಲಿ ವ್ಯಾಪಾರದ ಚರಿತ್ರೆ ಕಲಿಸುತ್ತೇನೆ. ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ವ್ಯಾಪಾರದ ಮಾದರಿಗಳು ಹೇಗೆ ಬದಲಾದವು ಎಂದು ನಿನ್ನ ಕಾಲದ ಎಂಬಿಎ ವಿದ್ಯಾರ್ಥಿಗಳು ಬರೆದ ಪ್ರಾಜೆಕ್ಟ್ ವರದಿಗಳನ್ನು ಓದುವುದು ನನ್ನ ಕೆಲಸ. ಹೆಚ್ಚಿನವು ಒಂದನ್ನು ನೋಡಿ ಇನ್ನೊಂದು ಬರೆದಂಥವು. ನಿನ್ನದು ಹಾಗಲ್ಲ. ನೀನು ಬಿಸಿಲಲ್ಲಿ ದನದ ಸಂತೆಯೊಳಗೆ ನಿಂತು, ಸಗಣಿ ತುಳಿದು ಬರೆದಿದ್ದೀಯ.

ನಮ್ಮಲ್ಲಿ ಯಾವ ವಸ್ತುವಿಗೂ ಇಷ್ಟೇ ಬೆಲೆ ಎಂಬುದಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಒಂದು ಕಣ್ತಕ್ಕಡಿ ಇದೆ. ಅದು ನಮ್ಮ ಮುಖ ನೋಡುತ್ತದೆ, ದನಿ ಕೇಳುತ್ತದೆ, ಯಾವ ವಸ್ತು ನಮಗೆ ಎಷ್ಟು ಬೇಕಾಗಿದೆ ಎಂದು ತೂಗುತ್ತದೆ. ಆ ತೂಕದ ಮೇಲೆ ಹೇಳುವ ಬೆಲೆಯೇ ಮುಖದರ. ಬೇಕೆನಿಸಿದಷ್ಟೂ ದರ ಏರುತ್ತದೆ. ಬೇಡವೆನ್ನುವವರು ಕಣ್ತಕ್ಕಡಿಯನ್ನು ಕಿತ್ತು ಹಾಕಬಹುದು, ಯಾರೂ ತಡೆಯುವುದಿಲ್ಲ. ಮುಖ ತೋರಿಸದವರಿಗೆ ಎಲ್ಲಕ್ಕಿಂತ ಮೇಲಿನ ದರ, ಅಷ್ಟೆ. ಅದಕ್ಕೇ ನಮ್ಮ ಮಕ್ಕಳಿಗೆ ಮಾತು ಬರುವ ಮೊದಲು ಕಲ್ಮೊಗ ಕಲಿಸುತ್ತಾರೆ. ಹಸಿದಾಗ ಹಸಿದಂತೆ ಕಾಣದಿರುವುದು, ಜ್ವರ ಬಂದಾಗ ಆಕಳಿಸುವುದು, ಇದು ಕಲ್ಮೊಗ. ಧಾರೆ ಸೀರೆ ಆರಿಸುವಾಗ ಮದುಮಗಳು ಸೀರೆ ಬಿಟ್ಟು ಸೂರು ನೋಡುತ್ತಾಳೆ. ಸಾವಿನ ಮನೆಯಲ್ಲಿ, ಮಣ್ಣು ಮಾಡಲು ಆರಡಿ ಮೂರಡಿ ಜಾಗ ಕೊಂಡು ಮುಗಿಯುವ ತನಕ ಯಾರೂ ಅಳುವುದಿಲ್ಲ. ಎಲ್ಲರೂ ಕೂತು ಬಿಸಿಲು, ಗಾಳಿ, ಮೋಡ ಎಂದು ಹವೆಯ ಮಾತಾಡುತ್ತಾರೆ. ನನ್ನ ತಾಯಿ ತೀರಿಕೊಂಡಾಗ ನಾನೂ ಹಾಗೆಯೇ ಮಾತಾಡಿದೆ. ಜಾಗ ಕೊಂಡು ಮುಗಿಯುವಷ್ಟರಲ್ಲಿ ಅಳು ಎಲ್ಲೋ ಹೋಗಿತ್ತು. ಇನ್ನೂ ಬಂದಿಲ್ಲ.

ನನ್ನ ಗಂಡ ಫಕ್ಕೀರೇಶ ಅವರಿಗೆ ಮಾತ್ರ ಕಲ್ಮೊಗ ಎಂದೂ ಒಗ್ಗಲಿಲ್ಲ. ಗೋಧಿ ಹುಗ್ಗಿ ಎಂದರೆ ಸಾಕು, ಅವರ ಮುಖ ಅರಳುತ್ತಿತ್ತು. ಅವರ ದೆಸೆಯಿಂದ ಇಡೀ ಓಣಿಯಲ್ಲಿ ನಮ್ಮ ಮನೆಗೇ ಬೆಲ್ಲ ದುಬಾರಿ. ನಾನು ರೇಗುತ್ತಿದ್ದೆ, ಅವರು ಇನ್ನಷ್ಟು ನಗುತ್ತಿದ್ದರು. ಹೋದ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ದಿನಕ್ಕೊಂದು ಗಾಳಿಗುಳಿಗೆ ನುಂಗಬೇಕು. ಶ್ವಾಸಕೋಶದ ಅರ್ಧ ಕೆಲಸ ಅದು ಮಾಡುತ್ತದೆ. ಮೊದಲ ದಿನ ಅದನ್ನು ಕೇಳಲು ಗೋಡೆಯ ಮುಂದೆ ನಿಂತವಳು ಗಳಗಳನೆ ಅತ್ತುಬಿಟ್ಟೆ. ಇಷ್ಟು ವರ್ಷದ ಕಲಿಕೆ ನೀರುಪಾಲಾಯಿತು. ಗುಳಿಗೆಯ ದರ ಗಗನಕ್ಕೇರಿತು.

ಅದನ್ನು ಇಳಿಸಲು ಇದ್ದದ್ದು ಒಂದೇ ದಾರಿ. ಈ ಮನುಷ್ಯ ನನಗೆ ಬೇಕಾಗಿಲ್ಲ ಎಂದು ಕಣ್ತಕ್ಕಡಿಗೆ ಕಾಣಬೇಕು. ನಾನು ಹಾಸಿಗೆಯನ್ನು ಬೇರೆ ಕೋಣೆಗೆ ಒಯ್ದೆ. ತಟ್ಟೆಯನ್ನು ಅವರ ಮುಂದೆ ಕುಕ್ಕಿದೆ. ಇನ್ನೆಷ್ಟು ದಿನ ಇವರ ಚಾಕರಿ ಎಂದು ತಂಗಿಯ ಹತ್ತಿರ ಫೋನಿನಲ್ಲಿ ಗೊಣಗಿದೆ, ಅವರಿಗೆ ಕೇಳುವ ಹಾಗೆಯೇ. ದರ ನಿಧಾನವಾಗಿ ಇಳಿಯಿತು, ಅವರು ಉಳಿದರು. ಆದರೆ ಇದು ನಾಟಕ ಎಂದು ಅವರಿಗೆ ಹೇಳುವುದು ಹೇಗೆ? ಪಿಸುಮಾತೂ ಗೋಡೆಗೆ ಕೇಳುತ್ತದೆ. ಮೊದಮೊದಲು ಅವರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ಗೋಡೆಯ ಕಡೆ ಮಗ್ಗುಲಾಗಿ ಮಲಗತೊಡಗಿದರು. ನಾಟಕಕ್ಕೆ ಅವರೂ ಸೇರಿದ್ದಾರೋ, ನಿಜವೆಂದೇ ನಂಬಿದ್ದಾರೋ ನನಗೆ ತಿಳಿಯಲಿಲ್ಲ. ಇವಳಿಗೆ ನಾನು ಬೇಡವಾದೆ ಎಂದುಕೊಂಡೇ ಇವರು ಸತ್ತುಹೋದರೆ ಎಂದು ಹೆದರಿದ್ದೆ. ಸಾವಿಗಿಂತ ಅದಕ್ಕೇ ಹೆಚ್ಚು ಹೆದರಿದ್ದೆ.

ಹಾಗಿದ್ದಾಗ ನಿನ್ನ ವರದಿ ಕೈಗೆ ಬಂತು. ದನದ ಸಂತೆಯಲ್ಲಿ ಮಾರುವವರೂ ಕೊಳ್ಳುವವರೂ ಟವೆಲಿನಡಿ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಿದ್ದರೆಂದೂ, ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲವೆಂದೂ, ವ್ಯಾಪಾರ ಕುದುರಿದರೆ ಇಡೀ ಅಂಗೈ ಹಿಡಿದು ಅದುಮುತ್ತಿದ್ದರೆಂದೂ ಬರೆದಿದ್ದೀಯ. ನಿನ್ನ ಸೋದರತ್ತೆ, ಗಂಡ ಸತ್ತ ಹೊಸತರಲ್ಲಿ ಜೋಡೆತ್ತು ಮಾರಲು ಹೋದಾಗ, ದಲಾಲಿ ಇದೇ ಟವೆಲಿನಡಿ ಮೋಸ ಮಾಡಿದ. ಆ ಸಿಟ್ಟಿನಲ್ಲಿ ನೀನು ಶಿಫಾರಸು ಮಾಡಿದೆ: ಟವೆಲು ತೆಗೆಸಬೇಕು, ಯಾರಿಗೆ ಎಷ್ಟು ಅಗತ್ಯವಿದೆ ಎಂಬುದು ಕಂಪ್ಯೂಟರ್ ತೆರೆಯ ಮೇಲೆ ಕಾಣಬೇಕು, ಆಗ ಬೆಲೆ ನ್ಯಾಯವಾಗಿರುತ್ತದೆ. ಮೋಸವಾದದ್ದು ನಿಜ, ನಿನ್ನ ಸಿಟ್ಟೂ ಸರಿ. ಆದರೆ ರೋಹಿಣಿ, ಆ ಟವೆಲಿನಡಿ ಮೋಸದ ಜೊತೆಗೆ ಬಡವರ ಅಗತ್ಯವೂ ಅಡಗಿತ್ತು. ನೀವೆಲ್ಲ ಸೇರಿ ಎರಡನ್ನೂ ಒಟ್ಟಿಗೆ ಬಯಲಿಗೆಳೆದಿರಿ. ಕೊನೆಗೆ ಬಯಲಾದದ್ದು ಕೊಳ್ಳುವವರ ಅಗತ್ಯ ಮಾತ್ರ. ಮಾರುವವರ ಕೈ ಇವತ್ತಿಗೂ ಟವೆಲಿನಡಿಯೇ ಇದೆ. ನಿನ್ನೊಬ್ಬಳ ವರದಿಯಿಂದ ಲೋಕ ಕೆಟ್ಟಿತು ಎನ್ನುವಷ್ಟು ದಡ್ಡಿ ನಾನಲ್ಲ. ಅದನ್ನು ನಿನ್ನ ಮಾರ್ಗದರ್ಶಕರೂ ಪೂರ್ತಿ ಓದಿದಂತೆ ಕಾಣುವುದಿಲ್ಲ. ಆದರೂ ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ಓದಿದ ಸಂಜೆಯೇ ಒಂದು ಟವೆಲು ತಂದೆ. ಬೆವರು ಒರೆಸುವ ನೆಪದಲ್ಲಿ ಗೊಣಗುತ್ತ ಅದನ್ನು ಅವರ ಕೈಮೇಲೆ ಎಸೆದು, ಅಡಿಯಲ್ಲಿ ನನ್ನ ಕೈ ತೂರಿಸಿ, ಅವರ ಇಡೀ ಅಂಗೈಯನ್ನು ಹಿಡಿದು ಅದುಮಿದೆ. ಮುಖ ಕಿಟಕಿಯ ಕಡೆಗೇ ಇಟ್ಟಿದ್ದೆ. ಆಮೇಲೆ ಅವರ ಬೆರಳುಗಳು ಮಡಚಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದವು. ತಡೆಯಲಾರದೆ ತಿರುಗಿ ನೋಡಿದೆ. ಹುಗ್ಗಿಯ ಮುಂದೆ ಅರಳುತ್ತಿದ್ದ ಅದೇ ಮುಖ.

“ನನಗ ಗೊತ್ತಿತ್ತು ಬಿಡ,” ಎಂದರು, ಗಟ್ಟಿಯಾಗಿಯೇ. “ಮೊದಲಿಂದನ ಗೊತ್ತಿತ್ತು.”

ನಾನು ಕೈ ಹಿಂದೆಳೆದುಕೊಂಡೆ, ಆದರೆ ಅಷ್ಟರಲ್ಲಿ ನನ್ನ ಮುಖವೂ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಗೋಡೆ ಹೇಳಿದ ದರಕ್ಕೆ ಈ ಮನೆ ಮಾರಿದರೂ ಒಂದು ವಾರದ ಗುಳಿಗೆ ಬರುತ್ತಿರಲಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಕೈ ಹಿಡಿದು ಕೇಳದೆ ಇದ್ದಿದ್ದರೆ ಇನ್ನೂ ಕೆಲವು ವರ್ಷ ನನ್ನ ಕಡೆ ಬೆನ್ನು ಮಾಡಿ ಮಲಗಿ ಬದುಕಿರುತ್ತಿದ್ದರು. ಇದನ್ನು ಎಷ್ಟು ಸಲ ಯೋಚಿಸಿದರೂ ಬೇರೆ ಉತ್ತರ ಹೊಳೆಯುವುದಿಲ್ಲ.

ಈಗ ಗುಳಿಗೆ ಮುಗಿದಿದೆ. ಅವರು ನನ್ನ ಪಕ್ಕದಲ್ಲೇ ಮಲಗಿದ್ದಾರೆ. ಇಳಿಸಬೇಕಾದ ದರ ಯಾವುದೂ ಉಳಿದಿಲ್ಲವಲ್ಲ, ಅವರು ಧಾರಾಳವಾಗಿ ನಗುತ್ತಾರೆ. ನಾನು ನಗುವಂತಿಲ್ಲ, ಅಳುವಂತೆಯೂ ಇಲ್ಲ. ನನಗೆ ಇನ್ನೊಂದು ವ್ಯಾಪಾರ ಬಾಕಿಯಿದೆ, ಆರಡಿ ಮೂರಡಿಯದು. ನನ್ನ ಎಡಗೈ ಟವೆಲಿನಡಿ ಅವರ ಕೈಯೊಳಗಿದೆ, ಬಲಗೈ ನಿನಗೆ ಬರೆಯುತ್ತಿದೆ.

ನನ್ನ ಕೋರಿಕೆ ಒಂದೇ. ವರದಿಯನ್ನು ಬೈಂಡಿಂಗಿಗೆ ಕೊಡುವ ಮೊದಲು ಆ ಒಂದು ಸಾಲನ್ನು ಹೊಡೆದುಹಾಕು. ದಲಾಲಿಯನ್ನು ಬೇಕಾದಷ್ಟು ಬೈದು ಬರೆ, ಪೊಲೀಸರಿಗೆ ಹಿಡಿದು ಕೊಡು. ಟವೆಲನ್ನು ಮಾತ್ರ ಬಿಡು. ಇಷ್ಟು ಬರೆದು, ನನ್ನ ಮುಂದಿರುವ ನಿನ್ನ ವರದಿಯ ಪುಟ ತಿರುಗಿಸಿ ನೋಡಿದೆ. ಸಾಲು ಹಾಗೆಯೇ ಇದೆ. ಅಂದರೆ ಈ ಕಾಗದ ನಿನಗೆ ಮುಟ್ಟಲಿಲ್ಲ. ಅಥವಾ ಮುಟ್ಟಿತು, ಯಾವಳೋ ಹುಚ್ಚಿಯ ಕಾಗದವೆಂದು ಮಡಚಿಟ್ಟೆ. ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅವರ ಬೆರಳುಗಳು ಈಗಷ್ಟೇ ಸಡಿಲವಾದವು. ನಾನು ಅದುಮಿದೆ. ಇನ್ನೊಮ್ಮೆ ಅದುಮಿದೆ.

ಇವತ್ತು ಇಲ್ಲಿ ಬಿಸಿಲು ಜೋರಾಗಿದೆ, ರೋಹಿಣಿ. ಗಾಳಿ ಅಷ್ಟಾಗಿ ಇಲ್ಲ. ಸಂಜೆಗೆ ಸ್ವಲ್ಪ ಮೋಡವಾಗಬಹುದು.

ಅನಸೂಯಾ ಮಾಳಗಿ